ಕಿಕ್ಕೇರಿಯಲ್ಲಿ ನಾಲ್ಕು ಬತ್ತಿಯ ದೀಪ

ಬೆಳಗಿನ ಬಸ್ಸಿಗೆ ಶ್ರೀರಂಗಪಟ್ಟಣ ಬಿಟ್ಟೆ. ಗಡಿಯಲ್ಲಿ ಬಿಗುವಿನ ದಿನಗಳು. ಸೇನೆಯ ಚಲನವಲನವನ್ನು ನೇರಪ್ರಸಾರ ಮಾಡಕೂಡದೆಂದು ಸುದ್ದಿಮನೆಗಳಿಗೆ ಸೂಚನೆ ಬಂದಿತ್ತು. ಯೋಧರಿಗೂ ತಾವಿರುವ ಜಾಗವನ್ನು ಮನೆಯವರಿಗೆ ಹೇಳುವಂತಿರಲಿಲ್ಲ. ಆ ಮನೆಗಳು ಹೇಗಿವೆ ಎಂದು ಬರೆಯಲು ಹೊರಟಿದ್ದೆ.

ಪಾಂಡವಪುರ ದಾಟುವಷ್ಟರಲ್ಲಿ ಸೆಕೆ ಏರಿತು. ಕೆ.ಆರ್. ಪೇಟೆಯಲ್ಲಿ ಇಡ್ಲಿ ತಿನ್ನುವಾಗ ಹೋಟೆಲಿನ ಟಿವಿಯಲ್ಲಿ ನಿರೂಪಕರ ಯುದ್ಧ ನಡೆದಿತ್ತು. "ಇವ್ರು ಅಲ್ಲೇ ಕುಂತ್ಕಂಡು ಬಾಂಬ್ ಆಕ್ಬುಡ್ತಾರೆ ಕಣ್ಲಾ" ಎಂದು ಒಬ್ಬರು ಗೆಳೆಯನನ್ನು ನಗಿಸಿದರು.

ಕಿಕ್ಕೇರಿಯಲ್ಲಿ ಕಮ್ಮಾರ ರಾಮಾಚಾರರ ಕುಲುಮೆ ಉರಿಯುತ್ತಿತ್ತು. ಮಗ ಸೇನೆಯಲ್ಲಿ. ಅವನು ಯಾವ ಊರಲ್ಲಿದ್ದರೂ ತಾಯಿ ಪುಟ್ಟಮ್ಮ ಮುಸ್ಸಂಜೆ ತುಳಸಿಕಟ್ಟೆಯ ಮೇಲೆ ಆ ದಿಕ್ಕಿಗೆ ಮುಖಮಾಡಿ ದೀಪ ಹಚ್ಚುತ್ತಿದ್ದರು. ಈಗ ದಿಕ್ಕೇ ಗೊತ್ತಿಲ್ಲ.

ಊಟಕ್ಕೆ ಮುದ್ದೆ, ಬಸ್ಸಾರು. ಉಣ್ಣುವಾಗಲೇ ಪುಟ್ಟಮ್ಮ ಮೊಬೈಲಿನಲ್ಲಿ ಮಗನ ಫೋಟೊ ತೋರಿಸಿದರು. ಅವನ ಹಿಂದೆ ಹಿಮದ ಗುಡ್ಡ, ಗುಡ್ಡದ ಮೇಲೊಂದು ಗೋಪುರ. ಹಿಂದೊಮ್ಮೆ ನಾನು ವರದಿಗೆ ಹೋಗಿದ್ದ ಜಾಗ. ನೋಡಿದೊಡನೆ ಗುರುತು ಸಿಕ್ಕಿತು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು.

"ಊರೆಸ್ರು ಬ್ಯಾಡ ಸಾರ್. ಮೂಡ್ಲಾ, ಬಡಗ್ಲಾ, ಅಷ್ಟ್ ಯೋಳಿ. ದೀಪ ಎತ್ಲಾಗ್ ತಿರುಗ್ಸ್ಲಿ?"

"ಮಗ ಯೋಳ್ದೆ ಇರೋದ್ನ ಅವ್ರ್ ಬಾಯ್ಲಿ ಯಾಕಮ್ಮಿ ಯೋಳುಸ್ತೀಯ?" ಎಂದರು ರಾಮಾಚಾರರು. "ನೀನು ನಲ್ಲೀತಾವ ಒಂದ್ ಮಾತಾಡುದ್ರೆ ಸಂಜೀಕೆ ಸಿಂಧಘಟ್ಟಕ್ಕೇ ಗೊತ್ತಾಯ್ತದೆ."

ನಾನು ದಿಕ್ಕು ಹೇಳದೆ ಮೊಬೈಲನ್ನು ಮರಳಿಸಿದೆ. ಪುಟ್ಟಮ್ಮ ಕೋಪಿಸಿಕೊಳ್ಳಲಿಲ್ಲ. ನನ್ನೆಲೆಗೆ ಮಜ್ಜಿಗೆ ಬಡಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ರಾಮಾಚಾರರು ಒಳಹೋಗಿ ಕಬ್ಬಿಣದ ಒಗ್ಗರಣೆ ಸೌಟು ತಂದರು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಅದರ ಅಂಚನ್ನು ಇಕ್ಕಳದಿಂದ ನಾಲ್ಕು ಕಡೆ ಚಿವುಟಿ ನಾಲ್ಕು ಬಾಯಿ ಮಾಡಿದರು.

"ಅಯ್ಯೋ, ನನ್ನ ಸೌಟು ಆಳ್ಮಾಡ್ಬುಟ್ರಲ್ಲಾ!"

"ಇನ್ನೊಂದ್ ಮಾಡ್ಕೊಡ್ತೀನಿ ಬುಡು. ನಾಕ್ ಬತ್ತಿ ಆಕು. ಎತ್ಲಾಗಿದ್ರೂ ಕಾಣ್ತದೆ."

ಮುಸ್ಸಂಜೆಗೆ ತುಳಸಿಕಟ್ಟೆಯಲ್ಲಿ ನಾಲ್ಕು ಬತ್ತಿ ಉರಿದವು. ಹೊರಡುವಾಗ ಒಮ್ಮೆ ತಿರುಗಿ ನೋಡಿದೆ. ಅವುಗಳಲ್ಲಿ ಯಾವುದು ಅವನ ಕಡೆಯದೆಂದು ನನಗೆ ಗೊತ್ತಿತ್ತು. ಪುಟ್ಟಮ್ಮ ನನ್ನ ಕಣ್ಣನ್ನೇ ನೋಡುತ್ತಿದ್ದರು. ಅದೊಂದರ ಮೇಲೆ ನೋಟ ನಿಲ್ಲದಂತೆ ನಾಲ್ಕಕ್ಕೂ ಕೈಮುಗಿದು, ನಾಗಮಂಗಲದ ಬಸ್ಸು ಹತ್ತಿದೆ.