ಬೀಗರ ಮೇಲೆ ಬಿಸಿನೀರು

ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಕಿವಿ ಮಂದ. ಮೂಗು ಮಾತ್ರ ಬಲು ಚುರುಕು. ಯಾರ ಮನೆಗೆ ಹೋದರೂ ಹೊಸ್ತಿಲು ದಾಟಿದ ಕೂಡಲೇ ಒಮ್ಮೆ ಉಸಿರೆಳೆದು ನೋಡುತ್ತಿದ್ದಳು. ಒದ್ದೆಯಾಗಿ ಮುದುಡಿದ ಕೊತ್ತಂಬರಿ ಸೊಪ್ಪಿನಂಥ ವಾಸನೆ ಬಂತೋ, ಆ ಮನೆಯವರು ಎಷ್ಟೇ ಒತ್ತಾಯ ಮಾಡಿದರೂ ಹೊರಸು ಎಂದು ನಾವು ಕರೆಯುವ ಮಂಚದ ಮೇಲೆ ಕೂರುತ್ತಿರಲಿಲ್ಲ. "ನನಗ ನೆಲಾನ ತಂಪ ಯವ್ವಾ" ಎಂದು ಗೋಡೆಗೂ ಒರಗದೆ ನಡುಮನೆಯಲ್ಲಿ ಕುಳಿತುಬಿಡುತ್ತಿದ್ದಳು. ಮನೆಗೆ ಮರಳಿದ ಮೇಲೆ ಅವ್ವನಿಗೆ ಸುದ್ದಿ ಮುಟ್ಟಿಸುತ್ತಿದ್ದಳು, ಓಣಿಗೆಲ್ಲ ಕೇಳುವ ದನಿಯಲ್ಲಿ.

ತಿಗಣೆ ಇದ್ದ ಮನೆಯನ್ನು ಪತ್ತೆಹಚ್ಚುವುದು ಹೇಗೆಂದು ನಾನು ಕಲಿತದ್ದು ಅವಳಿಂದಲೇ. ಹೊರಸಿನ ಕಾಲು ಮತ್ತು ಪಟ್ಟಿ ಕೂಡುವ ಸಂದಿಯಲ್ಲಿ ಮಸಿಯ ಚುಕ್ಕೆಗಳಿದ್ದರೆ ಅದು ಮಸಿಯಲ್ಲ. ಗಾದಿಯ ಹೊಲಿಗೆಯನ್ನು ಬೆರಳಿನಿಂದ ಬಿಡಿಸಿದಾಗ ಗಸಗಸೆಯಂಥ ಬಿಳಿ ಕಾಳು ಕಂಡರೆ ಅದು ಗಸಗಸೆಯಲ್ಲ. ಹೊರಸಿನ ಮಗ್ಗುಲ ಗೋಡೆಯ ಮೇಲೆ ಕೆಂಪು ಗೆರೆ ಎಳೆದಿದ್ದರೆ ಆ ಮನೆಯವರ ಭಕ್ತಿಯನ್ನು ಹೊಗಳಬೇಕಾಗಿಲ್ಲ, ಅದು ಕುಂಕುಮವಲ್ಲ. ತೋಳಿನ ಮೇಲೆ ಒಂದೇ ಸಾಲಿನಲ್ಲಿ ಗಂಧೆ ಎದ್ದಿದ್ದರೆ ಸೊಳ್ಳೆಯನ್ನು ಬೈಯಬಾರದು. "ಗುಂಗಾಡ ಎಲ್ಲಿ ಬೇಕಲ್ಲಿ ಕಡೀತಾವ. ಇವು ಹಂಗಲ್ಲ. ಪಂಕ್ತಿ ಹಿಡದು ಕುಂಡರತಾವ, ಮದವಿ ಮನ್ಯಾಗ ಕುಂತಂಗ" ಎನ್ನುತ್ತಿದ್ದಳು ಆಯಿ.

ಇಷ್ಟೆಲ್ಲ ಬಲ್ಲ ಆಯಿಯ ಮನೆಯಲ್ಲಿ ತಿಗಣೆ ಇರಲಿಲ್ಲವೆಂದು ನೀವು ತಿಳಿದಿದ್ದರೆ ಅದು ನಿಮ್ಮ ಒಳ್ಳೆಯತನ. ವಿಜಾಪುರದ ಜೋರಾಪುರ ಪೇಟೆಯ ನಮ್ಮ ಮನೆ ಮಣ್ಣಿನ ಮಾಳಿಗೆಯದು. ತೊಲೆಗೊಂದು ಬಿರುಕು, ಗೋಡೆಗೊಂದು ಬಿರುಕು, ಎಲ್ಲವೂ ತುಂಬಿದ ಸಂಸಾರ. ಅಪ್ಪನ ಕಾಳಿನ ಅಂಗಡಿಗೆ ಬರುವ ಚೀಲಗಳ ಸಂದಿಯಲ್ಲಿ ಬಂದಿಳಿಯುವ ಹೊಸಬರು ಬೇರೆ. ಮೊದಲಾದರೆ ಸಂದಿಗೆ ಸೀಮೆಎಣ್ಣೆ ಹನಿಸುತ್ತಿದ್ದರು. ಯುದ್ಧ ಶುರುವಾದ ಮೇಲೆ ದೀಪಕ್ಕೇ ಎಣ್ಣೆ ಸಾಲದು, ತಿಗಣೆಗೆ ಎಲ್ಲಿಂದ ತರುವುದು? ಉಳಿದದ್ದು ಕುದಿಯುವ ನೀರೊಂದೇ.

ಆದರೆ ತಿಗಣೆ ಎಂಬ ಮಾತನ್ನು, ನಮ್ಮ ಕಡೆಯ ಬಾಯಲ್ಲಿ ತಗಣಿ, ಮನೆಯೊಳಗೆ ಯಾರೂ ಆಡುವಂತಿರಲಿಲ್ಲ. ಹೆಸರು ಹಿಡಿದರೆ ತಮ್ಮನ್ನೇ ಕರೆದರೆಂದು ಇನ್ನಷ್ಟು ಬರುತ್ತವೆ ಎಂದು ಆಯಿಯ ನಂಬಿಕೆ. ಅದಕ್ಕೇ ಅವಳು ಅವಕ್ಕೊಂದು ಬೇರೆ ಹೆಸರಿಟ್ಟಿದ್ದಳು. ಬೀಗರು. ಕರೆಯದೆ ಬರುತ್ತಾರೆ, ಒಳ್ಳೆಯ ಜಾಗ ನೋಡಿ ಕೂರುತ್ತಾರೆ, ನಮ್ಮ ಖರ್ಚಿನಲ್ಲಿ ಮೈ ತುಂಬಿಕೊಳ್ಳುತ್ತಾರೆ, ಹೋಗೆಂದರೆ ಹೋಗುವುದಿಲ್ಲ ಎಂದು ಅದಕ್ಕೆ ಕಾರಣವನ್ನೂ ಕೊಡುತ್ತಿದ್ದಳು. ಕೊಡುವಾಗ ಅವ್ವನ ಕಡೆಗೆ ನೋಡುತ್ತಿದ್ದಳು. ಅವ್ವನ ತವರು ಹೊನವಾಡ. ಅಲ್ಲಿಂದ ಬಂದವರು ನಾಲ್ಕು ದಿನ ಉಳಿಯದೆ ಹೋದದ್ದಿಲ್ಲ ಎಂಬುದು ಆಯಿಯ ಹಳೆಯ ದೂರು. ಅವ್ವನನ್ನು ಕೂಡ ಅವಳು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. "ಏ ಹೊನವಾಡದಾಕಿ" ಎಂದೇ ಕರೆಯುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷವಾದರೂ, ನಾವಿಬ್ಬರು ಹೆಣ್ಣುಮಕ್ಕಳು ಎದೆಯೆತ್ತರ ಬೆಳೆದರೂ, ಅವ್ವ ಮಾತ್ರ ಇನ್ನೂ ಹೊನವಾಡದ ಬಂಡಿಯಿಂದ ಆಗತಾನೆ ಇಳಿದವಳಂತೆಯೇ ಇದ್ದಳು.

ಅಕ್ಕನ ಮದುವೆಯ ಮಾತು ಮೊದಲು ಬಂದದ್ದು ತಿಕೋಟದಿಂದ. ಹೆಣ್ಣು ನೋಡಲು ಬಂದ ಹಿರಿಯರಿಗೆ ಮೋಟಾರು ತಪ್ಪಿ ನಮ್ಮಲ್ಲೇ ವಸ್ತಿ ಮಾಡಬೇಕಾಯಿತು. ಪಡಸಾಲೆಯ ದೊಡ್ಡ ಹೊರಸನ್ನು ಹಾಸಿ ಕೊಟ್ಟರು. ಬೆಳಿಗ್ಗೆ ನೋಡಿದರೆ ಅವರು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಕಣ್ಣು ಕೆಂಪು, ಕುತ್ತಿಗೆಯ ಮೇಲೆ ಪಂಕ್ತಿ ಕುಳಿತ ಗುರುತು. ಅವ್ವ ಕೊಟ್ಟ ಚುರುಮುರಿ ಸುಸಲಾ ಮುಟ್ಟಲಿಲ್ಲ. ವಾರದ ಮೇಲೆ ಪರಿಚಯದವರ ಬಾಯಲ್ಲಿ ಉತ್ತರ ಬಂತು: "ಹುಡಿಗಿ ಚಂದ ಅದಾಳ. ಹೊರಸು ಚಂದ ಇಲ್ಲ."

ಈ ಮಾತು ತಿಕೋಟದ ಸಂತೆಯಲ್ಲಿ ಓಡಾಡಿ, ನಮ್ಮ ಕಿವಿಗೆ ಬೀಳುವ ಮೊದಲೇ ವಿಜಾಪುರಕ್ಕೆ ಬಂದು ಮುಟ್ಟಿತ್ತಂತೆ. ಓಣಿಯ ಹೆಂಗಸರು ನೀರಿಗೆ ಹೋದಲ್ಲಿ ಅಕ್ಕನ ಮುಖ ನೋಡಿ ಸೆರಗಿನಲ್ಲಿ ನಗುತ್ತಿದ್ದರು. ಅಕ್ಕ ಕೊಡ ಹೊತ್ತು ಬಂದು ಅಡುಗೆಮನೆಯಲ್ಲಿ ಇಳಿಸಿ, ಗೋಡೆಯ ಸಂದಿಗಳಿಗೆ ಸುಣ್ಣ ಮೆತ್ತುತ್ತಿದ್ದಳು.

ಆಮೇಲೆ ಬಂದದ್ದು ಬಬಲೇಶ್ವರದ ಮಾತು. ಈ ಹುಡುಗನನ್ನು ಅಕ್ಕ ಒಂದು ಮದುವೆಯಲ್ಲಿ ನೋಡಿದ್ದಳು. ಹೆಂಗಸರ ಪಂಕ್ತಿಯಲ್ಲಿ ನೀರು ಬಂದಿಲ್ಲವೆಂದು ಕೂಗಿದಾಗ, ಗಂಡಸರೆಲ್ಲ ಎಲೆ ಅಡಿಕೆ ಮೆಲ್ಲುತ್ತ ಕುಳಿತಿರಲು, ಅವನೊಬ್ಬನೇ ಎದ್ದು ಬಿಂದಿಗೆ ತಂದು ಮುದುಕಿಯರಿಂದ ಹಿಡಿದು ಎಲ್ಲರಿಗೂ ನೀರು ಬಡಿಸಿದ್ದನಂತೆ. "ಆದ್ರ ಅಲ್ಲೇ ಆಗತೀನಿ. ಇಲ್ಲಂದ್ರ ಇಲ್ಲೇ ಇರತೀನಿ, ಹೊರಸ ಕಾಯಕೋಂತ" ಎಂದು ನನ್ನ ಮುಂದೆ ನೇರವಾಗಿ ಹೇಳಿದ್ದಳು. ಅಕ್ಕ ಮಾತಿಗೆ ತಪ್ಪುವವಳಲ್ಲ. ಹಾಗಾಗಿ ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಅಪ್ಪ ಈ ಸಲ ಜಾಣತನ ಮಾಡಿದ. ರವಿವಾರ ಸಂತೆ ಮುಗಿಸಿಕೊಂಡು ಮಧ್ಯಾಹ್ನ ಬನ್ನಿ, ಹೊತ್ತು ಮುಳುಗುವುದರೊಳಗೆ ಹೊರಡಬಹುದು ಎಂದು ಹೇಳಿಕಳುಹಿಸಿದ. ಪಡಸಾಲೆಗೆ ಸುಣ್ಣ ಹೊಡೆಸಿದ. ಹೊರಸುಗಳ ಕೆಲಸ ಆಯಿಯದು. ಅವಳ ಪಂಚಾಂಗ ದೊಡ್ಡದು. ಸೋಮವಾರ ಬಸವಣ್ಣನ ವಾರ, ಜೀವ ತೆಗೆಯುವಂತಿಲ್ಲ. ಗುರುವಾರ ಉಪವಾಸ. ನಡುವೆ ಅಮಾವಾಸ್ಯೆ. ಹೀಗೆ ಎಲ್ಲ ವಾರಗಳೂ ಜಾರಿ, ಉಳಿದದ್ದು ಅದೇ ರವಿವಾರದ ಮುಂಜಾನೆ. "ಅವರು ಬರೂದ್ರಾಗ ಮುಗಸ್ತೀನಿ" ಎಂದು ಆಯಿ ಹೊರಸುಗಳನ್ನು ಹಿತ್ತಲಿಗೆ ಸಾಗಿಸಿ, ಹಂಡೆಯಲ್ಲಿ ನೀರು ಕಾಯಿಸಲು ಕುಳಿತಳು.

ಬಬಲೇಶ್ವರದವರಿಗೆ ಯಾರದೋ ಬಂಡಿ ಸಿಕ್ಕು ಬೆಳಿಗ್ಗೆಯೇ ಊರು ಮುಟ್ಟಿದ್ದರು. ಸಂತೆ ಆಮೇಲೆ ಮಾಡಿದರಾಯಿತೆಂದು ನೇರವಾಗಿ ನಮ್ಮ ಮನೆಗೇ ಬಂದರು. ಹುಡುಗನ ತಂದೆ ಮತ್ತು ತಾಯಿ, ಇಬ್ಬರೇ. ತಂದೆ ದೊಡ್ಡ ಗಾತ್ರದ ಮನುಷ್ಯ, ಮೂಲೆಯ ಲೋಡಿಗೆ ಒರಗಿ ಕುಳಿತರೆ ಮೂಲೆಯೇ ಕಾಣಲಿಲ್ಲ. ತಾಯಿ ಸಣ್ಣ ಆಕೃತಿಯ ಹೆಂಗಸು. ಒಳಗೆ ಬಂದವರೇ ಒಮ್ಮೆ ಉಸಿರೆಳೆದುಕೊಂಡರು. ಅವ್ವ ಗಾದಿ ತೋರಿಸಿದರೆ, "ನನಗ ನೆಲಾನ ತಂಪರಿ" ಎಂದು ಬರಿ ನೆಲದ ಮೇಲೆ ಕುಳಿತರು. ಇದನ್ನು ಕೇಳಿಯೂ ನನ್ನ ತಲೆಗೆ ಹೊಳೆಯಲಿಲ್ಲ ನೋಡಿ.

ಅವ್ವ ಗಡಿಬಿಡಿಯಲ್ಲಿ ಸುಸಲಾ, ಚಹಾ ಮಾಡಿ ಕೊಟ್ಟು, ಆಯಿಗೆ ಹೇಳಿ ಬಾ ಎಂದು ನನ್ನನ್ನು ಹಿತ್ತಲಿಗೆ ಓಡಿಸಿದಳು. ಆಯಿಯ ಕಿವಿಗೆ ಮುಟ್ಟಬೇಕೆಂದರೆ ಕೂಗಲೇಬೇಕು. ನಾನು ಕೂಗಿದೆ:

"ಆಯೀ, ಬೀಗರು ಬಂದಾರ!"

"ಗೊತ್ತೈತಿ ಬಿಡಬೇ! ಅವರ ಸಲುವಾಗೇ ನೀರ ಕುದಸಾಕತ್ತೀನಿ!"

"ಹಂಗಲ್ಲ ಆಯಿ, ಪಡಸಾಲ್ಯಾಗ ಕುಂತಾರ!"

"ಪಡಸಾಲ್ಯಾಗೂ ಕುಂತಾರೇನು? ಕುಂಡರಲಿ. ಇವರದ ಮುಗಿಸಿ ಅಲ್ಲೂ ಬರತೀನಿ!" ಆಯಿ ತಂಬಿಗೆಯಿಂದ ಹೊರಸಿನ ಸಂದಿಗೆ ಜೋರಾಗಿ ನೀರು ಸುರಿದಳು. "ಏ ಹೊನವಾಡದಾಕಿ, ಎಲ್ಲಿ ಹ್ವಾದಿ? ಈ ದೊಡ್ಡ ಬೀಗರನ್ನ ನೋಡ ಬಾ! ಮೂಲಿ ಹಿಡದು ಹ್ಯಾಂಗ ಕುಂತಾರ! ನಮ್ಮನಿದ ಕುಡದು ಕುಡದು ಹ್ಯಾಂಗ ಉಬ್ಬ್ಯಾರ! ಒಬ್ಬರೂ ಜೀವಂತ ಹೊಳ್ಳಿ ಹೋಗಬಾರದು!"

ನಾನು ಅವಳ ಬಾಯಿ ಮುಚ್ಚಲು ಆಗದೆ ಒಳಗೆ ಓಡಿದೆ. ಹಿತ್ತಲಿಗೂ ಪಡಸಾಲೆಗೂ ನಡುವೆ ಇದ್ದದ್ದು ಎರಡು ಬಾಗಿಲು, ಎರಡೂ ತೆರೆದಿದ್ದವು. ದೊಡ್ಡ ಗಾತ್ರದ ಬೀಗರು ಚಹಾದ ಬಸಿಗೆ ತುಟಿ ಹಚ್ಚಿದವರು ಹಾಗೇ ಇದ್ದರು. ಚಹಾ ನುಂಗಲಿಲ್ಲ, ಉಗುಳಲೂ ಇಲ್ಲ. ಅಪ್ಪನ ಮುಖ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿತ್ತು.

ಅಪ್ಪನ ಪಾಡು ಯೋಚಿಸಿ. ಬೀಗರೆಂದರೆ ನೀವಲ್ಲ ಎನ್ನಬೇಕು. ಹಾಗಾದರೆ ಯಾರು ಎಂದು ಅವರು ಕೇಳಿಯೇ ಕೇಳುತ್ತಾರೆ. ತಿಗಣೆ ಎಂದರೆ ತಿಕೋಟದ ಮಾತು ಸುಳ್ಳಲ್ಲವೆಂದು ತಾನೇ ಒಪ್ಪಿದಂತೆ, ಸಂಬಂಧ ಅಲ್ಲಿಗೇ ಮುಗಿಯಿತು. ಸುಮ್ಮನಿದ್ದರೆ ಮನೆಗೆ ಬಂದವರ ಮೇಲೆ ಕುದಿಯುವ ನೀರು ಸುರಿಯುವ ಮನೆತನವೆಂದಾಗುತ್ತದೆ, ಆಗಲೂ ಸಂಬಂಧ ಮುಗಿಯಿತು. ಅಪ್ಪ ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ. "ನಮ್ಮ ಅವ್ವಗ ವಯಸ್ಸಾಗೇತ್ರಿ" ಎಂದ. ಬೀಗರು ಕಪ್ಪು ಬಸಿ ಕೆಳಗಿಟ್ಟು ಪಕ್ಕದಲ್ಲಿದ್ದ ರುಮಾಲಿಗೆ ಕೈ ಹಾಕಿದರು.

ಆಗ ಒಳಕೋಣೆಯ ಬಾಗಿಲು ಸರಿಯಿತು. ಅರ್ಧ ಹೆರಳು ಹಾಕಿದ್ದ ಅಕ್ಕ, ಕೈಯಲ್ಲಿ ಹಣಿಗೆ ಹಿಡಿದುಕೊಂಡೇ, ಪಡಸಾಲೆಯ ನಡುವೆ ಬಂದು ನಿಂತಳು. ಕರೆಯುವ ಮೊದಲೇ ಹುಡುಗಿ ಹೀಗೆ ಹೊರಗೆ ಬಂದದ್ದನ್ನು ನಮ್ಮ ಪೇಟೆಯಲ್ಲಿ ಯಾರೂ ಕಂಡಿರಲಿಕ್ಕಿಲ್ಲ.  ಬಂದವರ ಕಡೆಗೇ ತಿರುಗಿದಳು.

"ಬೀಗರಂದ್ರ ನೀವಲ್ರಿ. ನಮ್ಮ ಮನ್ಯಾಗ ತಗಣಿ ಆಗ್ಯಾವ್ರಿ. ಹೆಸರ ಹಿಡೀಬಾರದಂತ ನಮ್ಮ ಆಯಿ ಅವಕ್ಕ ಬೀಗರು ಅಂತಾಳ್ರಿ. ನೀವು ಸಂಬಂಧ ಬ್ಯಾಡ ಅಂದ್ರೂ ನಡೀತೈತ್ರಿ. ಆದ್ರ ಆಯಿ ನಿಮಗ ಅಂದಾಳ ಅಂತ ತಿಳಕೊಂಡು ಹೋಗಬ್ಯಾಡ್ರಿ."

ನಡೆಯುತ್ತದೆ ಎಂದಳಲ್ಲ, ಅದೊಂದು ಸುಳ್ಳು. ಅವಳಿಗೆ ನಡೆಯುತ್ತಿರಲಿಲ್ಲವೆಂದು ನನಗೆ ಗೊತ್ತಿತ್ತು. ನಾನು ಬಾಗಿಲ ಮರೆಯಲ್ಲಿ ಅಳಲು ತಯಾರಾಗಿಯೇ ನಿಂತಿದ್ದೆ.

ಬೀಗತಿ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು ಅಕ್ಕನನ್ನೇ ನೋಡಿದರು. "ನನಗ ಬಾಗಲದಾಗ ಗೊತ್ತಾಗೇತವ್ವಾ" ಎಂದರು. "ಸುಸಲಾದಾಗ ಕೊತ್ತಂಬರಿ ಇಲ್ಲ, ಮನಿ ತುಂಬ ಕೊತ್ತಂಬರಿ ವಾಸನಿ. ನೆಲದ ಮ್ಯಾಲ ಹೊರಸಿನ ಕಾಲಿನ ಗುರ್ತದಾವ, ಹೊರಸಿಲ್ಲ. ಸುಣ್ಣಾನೂ ಹೊರಸಿದ್ದ ಕಡೆ ದಪ್ಪ, ಇಲ್ಲದ ಕಡೆ ತೆಳ್ಳಗ. ನಾ ಏನ್ ಕುರುಡಿ ಏನು?" ಅಪ್ಪ ನೆಲ ನೋಡಿದ. ಬೀಗತಿ ಗಂಡನ ಕಡೆ ತಿರುಗಿದರು. "ರುಮಾಲ ಕೆಳಗಿಡ್ರಿ. ನಮ್ಮನ್ಯಾಗ ಅವಕ್ಕ ಏನಂತೀವಿ, ಹೇಳ್ರಿ."

ಬೀಗರು ನುಂಗದೆ ಉಳಿಸಿಕೊಂಡಿದ್ದ ಚಹಾವನ್ನು ಈಗ ನುಂಗಿದರು. "ಸೊಸ್ತೇರು" ಎಂದರು ಮೆಲ್ಲಗೆ.

"ಹೂಂ, ಸೊಸ್ತೇರು. ನಮ್ಮ ಅತ್ತಿ ಇಟ್ಟ ಹೆಸರು. ನಾ ಸೊಸಿಯಾಗಿ ನಡಿಯಾಕ ಬಂದ ವರ್ಷಾನ ಇಟ್ಟಾಳ" ಎಂದರು ಬೀಗತಿ.

ಮೊದಲು ನಕ್ಕವಳು ಅಕ್ಕ. ಹಣಿಗೆಯನ್ನು ಬಾಯಿಗೆ ಅಡ್ಡ ಹಿಡಿದರೂ ನಗೆ ನಿಲ್ಲಲಿಲ್ಲ. ಆಮೇಲೆ ಅವ್ವ, ಆಮೇಲೆ ಬೀಗತಿ. ಅಷ್ಟರಲ್ಲಿ ಆಯಿ ಹೊಗೆಯಾಡುವ ತಂಬಿಗೆ ಹಿಡಿದು ಪಡಸಾಲೆಯ ಬಾಗಿಲಲ್ಲಿ ಬಂದು ನಿಂತು, ಹೊಸಬರನ್ನು ಕಂಡು ಮುಖವರಳಿಸಿ, "ಬಂದ್ರೇನ್ರಿ ಬೀಗರ?" ಎಂದಳು. ಬೀಗರು ಎರಡೂ ಕಾಲುಗಳನ್ನು ಸರಕ್ಕನೆ ಮೇಲೆಳೆದುಕೊಂಡರು. ಮಾತುಕತೆ ಅಂದೇ ಮುಗಿಯಿತು. ಸಂತೆಗೆ ಹೋಗುವುದನ್ನು ಅವರು ಮರೆತೇಬಿಟ್ಟರು.

ಮದುವೆಯಾದ ಮೇಲೆ ಅಕ್ಕ ನಾಗರಪಂಚಮಿಗೆ ತವರಿಗೆ ಬಂದಳು. ಉಂಡಿ ತಿನ್ನುತ್ತ ಕುಳಿತಾಗ ಆಯಿ ಕೇಳಿದಳು, "ಅತ್ತಿ ಹ್ಯಾಂಗ ನೋಡಕೋತಾಳ? ಸೊಸಿ ಸೊಸಿ ಅಂತ ಕೆಲಸ ಹಚ್ಚತಾಳೇನು?"

"ಇಲ್ಲ ಆಯಿ. ಸೊಸಿ ಅನ್ನಾಂಗಿಲ್ಲ" ಎಂದಳು ಅಕ್ಕ, ಗಟ್ಟಿಯಾಗಿ, ಆಯಿಗೆ ಕೇಳುವಂತೆ. "ಆ ಹೆಸರು ಮೊದಲ ತಗಣಿಗೆ ಹೋಗೇತಿ, ಒಂದ ಹೆಸರ ಇಬ್ಬರಿಗೆ ಬ್ಯಾಡ ಅಂತಾರ. ನನಗ ಮಗಳ ಅಂತ ಕರೀತಾರ."

ಆಯಿ ಕೈಯಲ್ಲಿದ್ದ ಉಂಡಿ ಮುರಿಯುತ್ತ ಕುಳಿತಳು. ಅವಳಿಗೆ ಕೇಳಿಸಲಿಲ್ಲವೆಂದುಕೊಂಡೆ. ಅವ್ವ ಉಂಡಿಯ ಡಬ್ಬಿಯನ್ನು ತೆಗೆದುಕೊಂಡು ಒಳಗೆ ಹೋದಳು. ಆಕೆ ಯಾಕೆ ಹಾಗೆ ಎದ್ದು ಹೋದಳೆಂದು ಅರ್ಥವಾಗಿ ನನಗೆ ಉಂಡಿ ರುಚಿಸಲಿಲ್ಲ.

ಅಕ್ಕ ಬಬಲೇಶ್ವರಕ್ಕೆ ಮರಳಿದ ಮೇಲೆ ಬಂದ ರವಿವಾರ, ಆಯಿ ಎಂದಿನಂತೆ ಹೊರಸನ್ನು ಹಿತ್ತಲಿಗೆ ಹಾಕಿ, ಹಂಡೆಯ ಕೆಳಗೆ ಬೆಂಕಿ ಮಾಡಿದಳು. ಸಂದಿಗೆ ಕಣ್ಣು ಹಚ್ಚಿ ನೋಡಿ, "ಏ ಹೊನವಾ..." ಎಂದು ಕೂಗಿ ಅಲ್ಲಿಗೇ ನಿಲ್ಲಿಸಿದಳು. 

"ಮಗಳ, ನೀರ ತಗೊಂಡ ಬಾ. ತಗಣಿ ಬಾಳ ಆಗ್ಯಾವ."

ಅವ್ವ ಅಡುಗೆಮನೆಯ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತೇ ಇದ್ದಳು.  ಆಯಿ ಹೊರಸಿನಿಂದ ಮುಖ ಎತ್ತದೆ ಗದರಿದಳು:

"ಕೇಳಸಲಿಲ್ಲೇನು? ಕಿವುಡಿ ನಾನೋ, ನೀನೋ?"