ಮೀಟರ್ ನಂಬಿದವರು

ಕಾಗದನಗರದಿಂದ ದಿನಾ ಬಸ್ಸಿನಲ್ಲಿ ಶಿವಮೊಗ್ಗದ ನಮ್ಮ ಲ್ಯಾಬಿಗೆ ಬರುತ್ತಿದ್ದ ಹಿರಿಯ ವಿಜ್ಞಾನಿಯೊಬ್ಬರು ಕನ್ನಡಕ ಹಾಕುತ್ತಿದ್ದುದು ಮೀಟರ್ ನೋಡುವುದಕ್ಕೆ ಮಾತ್ರ. ಬಣ್ಣ ಬಳಿದ ಕಬ್ಬಿಣದ ತಗಡನ್ನು ಉಪ್ಪುನೀರಿನಲ್ಲಿ ನಿಲ್ಲಿಸಿ, ಸಣ್ಣ ಕರೆಂಟು ಕೊಟ್ಟು, ಬಣ್ಣದ ಪಾಲಿಮರ್ ಪದರ ಎಷ್ಟು ಹಾಳಾಗಿದೆಯೆಂದು ಅಳೆಯುತ್ತಿದ್ದರು. ಪದರ ಗಟ್ಟಿಯಿದ್ದರೆ ಕರೆಂಟು ನುಸುಳುವುದಿಲ್ಲ.

ಒಮ್ಮೆ ಕುಡಿಯುವ ನೀರಿನ ಟ್ಯಾಂಕಿಗೆಂದು ಆರಿಸಿದ್ದ ಬಣ್ಣ ಬಳಿದ ತಗಡಿನ ತುಂಬ ತುಕ್ಕಿನ ಗುಳ್ಳೆ ಎದ್ದಿತ್ತು. ಮೀಟರ್ ಮಾತ್ರ ಕರೆಂಟೇ ನುಸುಳಿಲ್ಲ ಎನ್ನುತ್ತಿತ್ತು.

“ಸಾರ್, ತುಕ್ಕು ಕಾಣ್ತಿದೆಯಲ್ಲ?” ಎಂದೆ.

“ಕಣ್ಣು ನಂಬಬೇಡ ಮಾರಾಯ, ಮೀಟರ್ ನಂಬು,” ಎಂದು ತಮ್ಮ ಮಾಮೂಲು ಮಾತು ಹೇಳಿ, ವರದಿಯಲ್ಲಿ ‘ಅತ್ಯುತ್ತಮ’ ಎಂದು ಬರೆದರು.

ತಗಡಿಗೆ ಕರೆಂಟು ಕೊಡುವ ವೈರಿನ ಕ್ಲಿಪ್ಪು ಕಬ್ಬಿಣವನ್ನು ಮುಟ್ಟದೆ ಬಣ್ಣವನ್ನೇ ಕಚ್ಚಿಕೊಂಡಿದ್ದನ್ನು ತೋರಿಸಿದೆ. ಅವರು ತಗಡಿನ ಮೂಲೆಯನ್ನು ಕೆರೆದು ಕ್ಲಿಪ್ಪು ಹಾಕಿದರು. ಮೀಟರ್ ಈಗ ತುಕ್ಕನ್ನು ಒಪ್ಪಿಕೊಂಡಿತು. ವರದಿ ಹರಿದು, ಕನ್ನಡಕ ತೆಗೆದು, ನನ್ನತ್ತ ತಿರುಗಿದರು.

“ನೋಡಿದ್ಯಾ? ಮೀಟರ್ ನಂಬು ಅಂತ ಬಡ್ಕೊಂಡೆ, ಕೇಳಿದ್ಯಾ ನೀನು?”