ಬ್ಯಾಕ್ ಬರಲಿ, ಬ್ಯಾಕ್ ಬರಲಿ

ನನಗೆ ಗಾಡಿ ಓಡಿಸಲು ಬರುತ್ತದೆ. ಆದರೆ ಒಂದೇ ದಿಕ್ಕಿಗೆ. ರಸೆಲ್ ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ ಮಾಡುವ ಶಾಂತಕ್ಕನ ಹತ್ತಿರ ಕೆಲಸ ಕೇಳಲು ಹೋದಾಗ ಆಕೆ, "ಗಾಡಿ ಓಡ್ಸಕ್ಕೆ ಬರತ್ತೇನಪ್ಪಾ?" ಎಂದಷ್ಟೇ ಕೇಳಿದ್ದರು. ಯಾವ ಕಡೆಗೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ತಪ್ಪು ನನ್ನದಲ್ಲ, ಶಹಾಪುರದ ಬಯಲಿನದು. ನಾನು ಸ್ಟೇರಿಂಗ್ ಹಿಡಿಯಲು ಕಲಿತ ಹೊಲದಲ್ಲಿ ತಿರುಗಬೇಕೆಂದರೆ ದೊಡ್ಡದೊಂದು ಸುತ್ತು ಹೊಡೆದರಾಯಿತು. ಲೈಸೆನ್ಸ್ ಪರೀಕ್ಷೆಯಲ್ಲಿ ಬ್ಯಾಕ್ ಬಾ ಎಂದರು, ಬಂದೆ. ಆದರೆ ಅಲ್ಲಿ ಹಿಂದೆ ತಾಗುವಂಥದ್ದು ಏನೂ ಇರಲಿಲ್ಲ. ಅದು ದಂಡೆಯ ಮೇಲೆ ಮಲಗಿ ಈಜಿದ ಹಾಗೆ. ಬೆಂಗಳೂರಿಗೆ ಬಂದು ಲಿಂಗರಾಜಪುರದಲ್ಲಿ ರೂಮು ಹಿಡಿದ ಮೇಲೆ ಗೊತ್ತಾಯಿತು, ಇಲ್ಲಿ ಹಿಂದೆ ಯಾವಾಗಲೂ ಏನಾದರೊಂದು ಇರುತ್ತದೆ: ಸ್ಕೂಟರ್, ಡ್ರಮ್ಮು, ಮಲಗಿದ ನಾಯಿ, ಸಿಟ್ಟಾದ ಮನುಷ್ಯ. ಎರಡು ತಿಂಗಳು ಮುಂದಕ್ಕೇ ಓಡಿಸಿ ಕಾಲ ತಳ್ಳಿದೆ. ಒಮ್ಮೆ ಇಂದಿರಾನಗರದಲ್ಲಿ ಹೂ ಕೊಡಬೇಕಿದ್ದ ಮನೆಯನ್ನು ತಪ್ಪಿ ದಾಟಿದವನು ಬ್ಯಾಕ್ ಬರಲಾಗದೆ ಮುಂದೆ ಮುಂದೆ ಹೋಗಿ, ಎಷ್ಟೋ ದೂರದ ಕೆ.ಆರ್. ಪುರದ ಸೇತುವೆಯ ದರ್ಶನ ಮಾಡಿಕೊಂಡು ಅದೇ ಮನೆಗೆ ಬಂದೆ. ಶಾಂತಕ್ಕನಿಗೆ ಒಂದೇ ಅನುಮಾನ. "ಬ್ಯಾಕ್ ಬರುವಾಗ ಹಾಡ್ ಬರತ್ತೆ ಅಂತ ಹೇಳಿ ಗಾಡಿ ಮಾರಿದ್ರು ಕಣೋ. ಒಂದಿನಾನೂ ಕೇಳಿಲ್ವಲ್ಲ ನಾನು?"

ನಿಜ ಹೇಳಬೇಕೆಂದರೆ ಈ 'ಬ್ಯಾಕ್' ಎಂಬ ಪದದ ಮೇಲೆ ನನಗೆ ಹಳೆಯ ಸಿಟ್ಟು. ಡಿಪ್ಲೊಮಾದಲ್ಲಿ ಫೇಲಾದ ವಿಷಯಕ್ಕೆ ಬ್ಯಾಕ್ ಎನ್ನುತ್ತಿದ್ದೆವು. "ನಂಗ ನಾಕ್ ಬ್ಯಾಕ್ ಬಂದಾವು" ಎಂದಾಗ ಅಪ್ಪನಿಗೆ ಅದು ಬಹುಮಾನವಿರಬಹುದೆಂಬ ಅನುಮಾನ ಬಂತು. ಆ ಅನುಮಾನವನ್ನು ಒಂದು ವಾರ ನಾನು ಜೋಪಾನವಾಗಿ ಕಾಪಾಡಿದೆ. ಆಮೇಲೆ ಕೆಲಸಕ್ಕೆ ಅಲೆದಾಗ ಎಲ್ಲರೂ ಕಾಲ್ ಬ್ಯಾಕ್ ಮಾಡ್ತೀವಿ ಅಂದರು. ಇವತ್ತಿಗೂ ಫೋನ್ ಚಾರ್ಜಿನಲ್ಲಿಟ್ಟಿದ್ದೇನೆ. ಇಂದಿರಾನಗರದ ಗಿರಾಕಿಗಳಿಗೆ ಬರುವುದು ಬ್ಯಾಕ್ ಪೇನು. ನಮ್ಮವ್ವನಿಗೆ ಅದೇ ಜಾಗದಲ್ಲಿ ಬರೀ ಸೊಂಟ ನೋವು. ಬ್ಯಾಕ್ ಪೇನು ಬಂದರೆ ಕುರ್ಚಿ ಬದಲಾಗುತ್ತದೆ, ಸೊಂಟ ನೋವು ಬಂದರೆ ಏನೂ ಬದಲಾಗುವುದಿಲ್ಲ.

ನಮ್ಮ ಕನ್ನಡದ 'ಹಿಂದೆ'ಯೂ ಕಡಿಮೆಯದಲ್ಲ. ಆದರೆ ಅದಕ್ಕೆ ವಯಸ್ಸಾಗಿದೆ, ಬೀದಿ ಬಿಟ್ಟು ಹೆಚ್ಚಾಗಿ ಹಳೆಯ ಕಾಲದಲ್ಲೇ ಓಡಾಡುತ್ತದೆ. "ಹಿಂದೆ ಒಬ್ಬ ರಾಜನಿದ್ದ" ಎಂದರೆ ಯಾರೂ ಕತ್ತು ತಿರುಗಿಸಿ ನೋಡುವುದಿಲ್ಲ. 'ಬ್ಯಾಕ್' ಎಂದು ಕೂಗಿ ನೋಡಿ, ಇಡೀ ಬೀದಿ ತಿರುಗುತ್ತದೆ. ಈ ಪದಕ್ಕೆ ನಾನು ಕೈ ಮುಗಿದದ್ದು ಕಳೆದ ಶ್ರಾವಣದ ಒಂದು ಬೆಳಿಗ್ಗೆ.

ಹಲಸೂರಿನ ಕಲ್ಯಾಣ ಮಂಟಪಕ್ಕೆ ಹತ್ತೂವರೆಯ ಮುಹೂರ್ತದೊಳಗೆ ಹಾರ ಮುಟ್ಟಿಸಬೇಕಿತ್ತು. "ಹಾರ ಲೇಟಾದ್ರೆ ನೀನು ವಾಪಸ್ ಬರ್ಬೇಡ, ಗಾಡಿ ಮಾತ್ರ ಕಳ್ಸು" ಎಂದಿದ್ದರು ಶಾಂತಕ್ಕ. ನಾನೋ ಬುದ್ಧಿವಂತ. ಮುಖ್ಯರಸ್ತೆಯ ಟ್ರಾಫಿಕ್ ತಪ್ಪಿಸಲೆಂದು ಫೋನಿನ ಮ್ಯಾಪು ತೋರಿಸಿದ ಶಿವಾಜಿನಗರದ ಗಲ್ಲಿಯೊಂದಕ್ಕೆ ನುಗ್ಗಿದೆ. ಗಲ್ಲಿ ತೆಳ್ಳಗಾಗುತ್ತ ಹೋಗಿ ಒಬ್ಬರ ಅಡುಗೆಮನೆಯ ಬಾಗಿಲಲ್ಲಿ ಮುಗಿಯಿತು. ಒಳಗೆ ಈರುಳ್ಳಿ ಹೆಚ್ಚುತ್ತಿದ್ದ ಹೆಂಗಸು ತಲೆಯೆತ್ತಿ, "ಪಾರ್ಸಲ್ಲಾ?" ಎಂದರು.

ಗಂಟೆ ಒಂಬತ್ತೂ ಮುಕ್ಕಾಲು. ಬ್ಯಾಕ್ ಗೇರ್ ಹಾಕಿದೆ. ಎರಡು ತಿಂಗಳು ಮೂಕವಾಗಿದ್ದ ಗಾಡಿ ಪೀಪಿ ಊದಿದಂತೆ ಹಾಡಲು ಶುರುಮಾಡಿತು. ನಾನೇ ಬೆಚ್ಚಿಬಿದ್ದು ಒಂದು ನೀರಿನ ಡ್ರಮ್ಮಿಗೆ ಗುದ್ದಿದೆ. ಹಾಡು ಕೇಳಿದ್ದೇ ಗಲ್ಲಿ ಎದ್ದಿತು. ಮೇಲಿನ ಬಾಲ್ಕನಿಯಲ್ಲಿ ಬಟ್ಟೆ ಹಿಂಡುತ್ತಿದ್ದ ಅಕ್ಕ ತಮಿಳಿನಲ್ಲಿ "ಲೆಫ್ಟ್ ಒಡಿ, ಲೆಫ್ಟ್ ಒಡಿ!" ಎಂದರು. ಈರುಳ್ಳಿಯವರು ಚಾಕು ಹಿಡಿದುಕೊಂಡೇ ಬಂದು ಉರ್ದುವಿನಲ್ಲಿ "ರೈಟ್ ಕಾಟೋ!" ಎಂದರು. ನಾನು ಇಬ್ಬರ ಮಾತನ್ನೂ ನಡೆಸಿಕೊಟ್ಟೆ. ಗಾಡಿ ಗಲ್ಲಿಗೆ ಅಡ್ಡ ನಿಂತಿತು.

ಆಗ ಪಕ್ಕದ ಹಾಸಿಗೆ ಅಂಗಡಿಯಿಂದ ಚಾಚಾ ಒಬ್ಬರು ಹೊರಬಂದರು. ಹತ್ತಿ ಹಿಂಜುವ ಕೆಲಸ. ಗಡ್ಡದಲ್ಲಿ ಹತ್ತಿ ಎಷ್ಟು, ಕೂದಲು ಎಷ್ಟು ಎಂದು ಹೇಳುವಂತಿರಲಿಲ್ಲ. ಕಿಟಕಿಯ ಹತ್ತಿರ ಬಂದು, "ಏನ್ ಬೇಟಾ, ಇಲ್ಲೇ ಮನೆ ಮಾಡ್ತೀಯಾ?" ಎಂದರು.

"ಚಾಚಾ, ನಂಗ ಬ್ಯಾಕ್ ಬರಂಗಿಲ್ರೀ" ಎಂದೆ. ಎರಡು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟದ್ದು. "ಹತ್ತೂವರಿಗೆ ಮದಿವಿ ಐತ್ರೀ."

"ನಿಂದಾ?"

"ನಂದಲ್ರೀ. ಹಾರ ನಮ್ದು."

ಬಾಲ್ಕನಿ ಅಕ್ಕ ಹೊಟ್ಟೆ ಹಿಡಿದು ನಕ್ಕರು. ಚಾಚಾ ನಗಲಿಲ್ಲ. "ಕತ್ತು ತಿರುಗಿಸ್ಬೇಡ. ಕನ್ನಡೀಲಿ ನನ್ನ ದಾಡಿ ನೋಡು. ದಾಡಿ ಕಾಣೋವರ್ಗೂ ಬಾ, ಕಾಣ್ಲಿಲ್ಲ ಅಂದ್ರೆ ನಿಲ್ಸು. ಬೇರೆ ಯಾರ್ ಏನ್ ಹೇಳಿದ್ರೂ ಕೇಳ್ಬೇಡ." ಹೀಗೆಂದು ಗಾಡಿಯ ಹಿಂದೆ, ಬಲಗಡೆಯ ಮೂಲೆಗೆ ಹೋಗಿ ನಿಂತು ಡಬಡಬ ಬಡಿದರು. "ಬ್ಯಾಕ್ ಬರ್ಲಿ, ಬ್ಯಾಕ್ ಬರ್ಲಿ, ಬ್ಯಾಕ್ ಬರ್ಲಿ..."

ಆಮೇಲೆ ನಡೆದದ್ದನ್ನು ಏನೆನ್ನಲಿ? ಒಬ್ಬರು ಸ್ಕೂಟರ್ ಎತ್ತಿಟ್ಟರು, ಒಬ್ಬರು ಡ್ರಮ್ಮು ಉರುಳಿಸಿದರು, ಅಕ್ಕ ಕೆಳಗೆ ಇಳಿಬಿಟ್ಟಿದ್ದ ಒದ್ದೆ ಸೀರೆಯನ್ನು ಸರಸರ ಮೇಲೆಳೆದುಕೊಂಡರು. ಗಲ್ಲಿಯಲ್ಲಿ ಮೂರು ಭಾಷೆ ಇದ್ದವು, ಆದರೆ 'ಬ್ಯಾಕ್' ಒಂದೇ ಇತ್ತು. ಅದನ್ನು ಯಾರೂ ಇಂಗ್ಲಿಷೆಂದು ಹೇಳುತ್ತಿರಲಿಲ್ಲ, ಕೈ ಹಿಡಿದು ನಡೆಸಿದ ಹಾಗೆ ಹೇಳುತ್ತಿದ್ದರು. ನಾನು ದಾಡಿ ನೋಡುತ್ತ ಬಂದೆ. ಎರಡು ಸಲ ದಾಡಿ ಮಾಯವಾಯಿತು, ಎರಡು ಸಲ ಪ್ರಾಣ ಬಾಯಿಗೆ ಬಂದು ಬ್ರೇಕ್ ಒತ್ತಿದೆ. ಹಾಗೇ ಗಲ್ಲಿಯ ಬಾಯಿಗೆ ಬಂದು ಬಿದ್ದೆ.

ಹಾರ ಹತ್ತು ಇಪ್ಪತ್ತಕ್ಕೆ ಮುಟ್ಟಿತು. ಮದುಮಗ ನನ್ನನ್ನು ನೋಡಿ ಬಿಟ್ಟ ಉಸಿರು ಮದುಮಗಳನ್ನು ನೋಡಿಯೂ ಬಿಟ್ಟಿರಲಾರ. ನಾನು ವಾಪಸಾಗುವಷ್ಟರಲ್ಲಿ ಸುದ್ದಿ ಮಾರುಕಟ್ಟೆ ತಲುಪಿತ್ತು. ಬಾಲ್ಕನಿ ಅಕ್ಕ ದಿನಾ ಹೂ ಕೊಳ್ಳುವುದು ನಮ್ಮಲ್ಲೇ. ಶಾಂತಕ್ಕ, "ನಾಳೆಯಿಂದ ಬೆಳಗ್ಗೆ ಬೇಗ ಬಂದು ಅದೇ ಗಲ್ಲೀಲಿ ಬ್ಯಾಕ್ ಕಲಿ. ಡ್ರಮ್ ನೆಗ್ಗಿದ್ರೆ ನೀನೇ ಹೊಸದು ತಂದಿಡು" ಎಂದರು. ಕೆಲಸ ಉಳಿಯಿತು.

ಸಂಜೆ ಉಳಿದ ಸೇವಂತಿಗೆ ಕಟ್ಟಿಕೊಂಡು ಗಲ್ಲಿಗೆ ಹೋದೆ. ಚಾಚಾ ಹತ್ತಿಯ ನಡುವೆ ಕೂತಿದ್ದರು. ಮುಂದೆ ಹೋಗು ಎನ್ನಲು ಕೂತಲ್ಲಿಂದಲೇ ಕೈ ತೋರಿಸಿದರೆ ಸಾಕು. ಈ ಊರಿನಲ್ಲಿ ನನಗೆ ಹಾಗೆ ಕೈ ತೋರಿಸಿದವರು ಬಹಳ. ಬ್ಯಾಕ್ ಬಾ ಎನ್ನುವವರು ಮಾತ್ರ ಎದ್ದು ಬರಬೇಕು. ಬಂದು ಗಾಡಿಯ ಹಿಂದೆ, ಅದೂ ನನ್ನಂಥವನ ಗಾಡಿಯ ಹಿಂದೆ, ನಿಲ್ಲಬೇಕು.

"ನಾ ಬ್ರೇಕ್ ಬಿಟ್ಟು ಬ್ಯಾರೇದು ತುಳಿದಿದ್ರ ಏನ್ ಮಾಡ್ತಿದ್ರಿ ಚಾಚಾ? ದೂರ ನಿಂತು ಹೇಳಬಹುದಿತ್ತಲ್ರೀ" ಎಂದೆ.

ಅವರು ಹೂವಿನ ವಾಸನೆ ನೋಡಿ ಪಕ್ಕಕ್ಕಿಟ್ಟರು. "ಹಿಂದೆ ಯಾರೂ ಇಲ್ಲ ಅಂದಿದ್ರೆ ನೀನು ಅಷ್ಟು ಹುಷಾರಾಗಿ ಬರ್ತಿದ್ಯಾ, ಬೇಟಾ?"